ಹೆಂಗಸರೇ ಹೆಂಗಸರಿಗೆ ಬರೆದ ಹಳೇ ತೋಟಗಾರಿಕೆ ಪುಸ್ತಕಗಳು: ಮೊದಲನೇದು ಯಾವ್ದು, ಕೆಲಸಕ್ಕೆ ಬರೋದು ಯಾವ್ದು?

ಹಳೇಪುಸ್ತಕದಂಗಡಿ
ಈ ವಿಷಯ ಬಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಹೆಸರು: ಜೇನ್ ಲೌಡನ್, ಲಂಡನ್, 1840, ‘ಇನ್‌ಸ್ಟ್ರಕ್ಷನ್ಸ್ ಇನ್ ಗಾರ್ಡನಿಂಗ್ ಫಾರ್ ಲೇಡೀಸ್’. ಅದೇ ಮೊದಲನೇದಾ? ಅದಕ್ಕಿಂತ ಹಿಂದೆ ಹೆಂಗಸರು ಹೆಂಗಸರಿಗೆ ಅಂತಲೇ ಬರೆದದ್ದು ಏನಿದೆ? ಎರಡನೇ ಪ್ರಶ್ನೆ, ಇದೇ ಮುಖ್ಯ: ಇವುಗಳಲ್ಲಿ ನಿಜವಾಗಿ ಮಣ್ಣಿನ ಕೆಲಸ ಹೇಳಿಕೊಡೋದು ಯಾವುದು, ಹೂವಿನ ಹೆಸರಲ್ಲಿ ಕವಿತೆ ಓದಿಸೋದು ಯಾವುದು? ಬರೀ ಇಸವಿ ಪಟ್ಟಿ ಬೇಡ. ಪುಸ್ತಕದಲ್ಲಿ ಏನು ಮಾಡಿ ಅಂತ ಹೇಳಿದಾರೆ, ಅದು ನಡೆಯುತ್ತಾ ಇಲ್ವಾ ಅನ್ನೋದನ್ನ ಬರೀರಿ.

ಒಂದ್ಸಾಲು
1617, ವಿಲಿಯಂ ಲಾಸನ್, ‘ದಿ ಕಂಟ್ರಿ ಹೌಸ್‌ವೈಫ್ಸ್ ಗಾರ್ಡನ್’. ಮುಗೀತು.

ಸಸ್ಯಶಾಮಲೆ
ಮುಗೀಲಿಲ್ಲ ಸ್ವಾಮಿ. ಲಾಸನ್ ಗಂಡಸು, ಯಾರ್ಕ್‌ಶೈರಿನ ಪಾದ್ರಿ. ಹೆಂಗಸರಿಗೆ ಬರೆದ ಅನ್ನೋದು ಸರಿ, ಹೆಂಗಸು ಬರೆದದ್ದಲ್ಲ. ಆದರೂ ಅವನನ್ನ ಪೂರ್ತಿ ಪಕ್ಕಕ್ಕೆ ತಳ್ಳೋ ಹಾಗಿಲ್ಲ. ಹೂವಿನ ತೋಟ ಬೇರೆ ಇರಲಿ, ಅಡುಗೆ ಸೊಪ್ಪಿನ ತೋಟ ಬೇರೆ ಇರಲಿ ಅಂತಾನೆ, ಕೊನೇಲಿ ಜೇನು ಸಾಕೋದನ್ನೂ ಸೇರಿಸ್ತಾನೆ. ಕಳೆ ತೆಗೆಯೋವಾಗ ಯಜಮಾನಿ ತಾನೇ ಎದುರಿಗಿರಬೇಕು, ಇಲ್ಲಾಂದ್ರೆ ಸೊಪ್ಪು ಯಾವುದು ಕಳೆ ಯಾವುದು ಅಂತ ಕೆಲಸದ ಹುಡುಗಿಯರಿಗೆ ಕಲಿಸಿರಬೇಕು ಅನ್ನೋದು ಅವನ ಮಾತು. ಎರಡೆಲೆ ಹಂತದಲ್ಲಿ ಕೊತ್ತಂಬರಿಯನ್ನ ಕಳೆ ಅಂತ ಕಿತ್ತು ಹಾಕಿದವರಿಗೆ ಗೊತ್ತಾಗುತ್ತೆ ಯಾಕೆ ಅಂತ.

ತಗಾದೆ ತಿಮ್ಮ
ಅಮೆರಿಕ ಮರೆತ್ರಾ? ದಕ್ಷಿಣ ಕೆರೊಲೈನಾದ ಚಾರ್ಲ್ಸ್‌ಟನ್, ಮಾರ್ಥಾ ಲೋಗನ್. 1752ರಲ್ಲಿ ಜಾನ್ ಟೋಬ್ಲರನ ಪಂಚಾಂಗದಲ್ಲಿ ಆಕೆಯ ‘ಗಾರ್ಡನರ್ಸ್ ಕ್ಯಾಲೆಂಡರ್’ ಅಚ್ಚಾಯ್ತು. ಹೆಸರಿಲ್ಲ, ‘ಈ ಪ್ರಾಂತ್ಯದ ಒಬ್ಬ ಮಹಿಳೆ’ ಅಂತ ಅಷ್ಟೇ. ಲೌಡನ್‌ಗಿಂತ 88 ವರ್ಷ ಹಿಂದೆ.

ಹಳೇಪುಸ್ತಕದಂಗಡಿ
ಅದು ಹೆಂಗಸು ಬರೆದದ್ದು, ಆದ್ರೆ ಹೆಂಗಸರಿಗೆ ಅಂತ ಬರೆದದ್ದಾ? ಪಂಚಾಂಗ ಅಂದ್ರೆ ಮನೆಮಂದಿಗೆಲ್ಲ. ಪುಸ್ತಕವೂ ಅಲ್ಲ, ಕೆಲವು ಪುಟ.

ತಗಾದೆ ತಿಮ್ಮ
ಒಳ್ಳೇ ಕಥೆ. ಲಾಸನ್‌ಗೆ ಲಿಂಗ ಸರಿಯಿಲ್ಲ, ಲೋಗನ್‌ಗೆ ಓದುಗರು ಸರಿಯಿಲ್ಲ! ಯಾವ ತಿಂಗಳು ಯಾವ ತರಕಾರಿ ಬಿತ್ತಬೇಕು ಅಂತ ಬರೆದದ್ದು ಯಾರ ಕೆಲಸಕ್ಕೆ? ಆ ಕಾಲದ ಅಡುಗೆ ತೋಟ ನೋಡಿಕೊಳ್ತಿದ್ದದ್ದು ಯಾರು? ಆಕೆ ಬರೀ ಬರೆದವಳೂ ಅಲ್ಲ, ಬೀಜ ಗಡ್ಡೆ ಮಾರ್ತಿದ್ದವಳು. ಫಿಲಡೆಲ್ಫಿಯಾದ ಸಸ್ಯತಜ್ಞ ಜಾನ್ ಬಾರ್ಟ್ರಮ್ ಜೊತೆ ರೇಷ್ಮೆ ಚೀಲದಲ್ಲಿ ಬೀಜ ವಿನಿಮಯ ಮಾಡ್ತಿದ್ದಳು. ಬೀಜ ಮಾರೋರು ಬರೆದ ಕ್ಯಾಲೆಂಡರ್ ಯಾವಾಗಲೂ ನಂಬಬಹುದು, ಬೀಜ ಹುಟ್ಟದಿದ್ರೆ ಗಿರಾಕಿ ಬಂದು ಬಾಗಿಲು ಬಡೀತಾರೆ.

ಕುಂಡಲಿನಿ
ಸಾಲಿನಲ್ಲಿ ಇನ್ನೂ ಇಬ್ಬರಿದಾರೆ. 1816ರ ಮರಿಯಾ ಎಲಿಜಬೆತ್ ಜಾಕ್ಸನ್, ‘ದಿ ಫ್ಲೋರಿಸ್ಟ್ಸ್ ಮ್ಯಾನ್ಯುಯಲ್’. 1823ರ ಎಲಿಜಬೆತ್ ಕೆಂಟ್, ‘ಫ್ಲೋರಾ ಡೊಮೆಸ್ಟಿಕಾ’.

ಜಾಕ್ಸನ್ ಹೇಳಿದ ಒಂದು ವಿಷಯ ಇವತ್ತಿನ ನರ್ಸರಿ ಹುಚ್ಚಿಗೂ ಸರಿಯಾಗಿ ಹೊಂದುತ್ತೆ. ಪಾತಿ ಯಾಕೆ ಭಣಭಣ ಅನ್ನುತ್ತೆ? ಅಪರೂಪದ ಗಿಡ ಒಂದೊಂದೇ ತಂದು ನೆಡ್ತಾರೆ ಅದಕ್ಕೆ. ಸಾಮಾನ್ಯ ಗಿಡಾನೇ ಇರಲಿ, ಗುಂಪಾಗಿ ಹಾಕಿ, ಒಂದರ ಹೂ ಮುಗಿಯೋ ಹೊತ್ತಿಗೆ ಪಕ್ಕದ್ದು ಶುರುವಾಗೋ ಹಾಗೆ ಜೋಡಿಸಿ ಅಂತ ಆಕೆಯ ವಾದ. ಅದಕ್ಕೇ ಪುಸ್ತಕದ ಕೊನೆಗೆ ಋತುವಾರು, ಬಣ್ಣವಾರು ಗಿಡಗಳ ಪಟ್ಟಿ. ಇದು ಕವಿತೆ ಅಲ್ಲ, ಲೆಕ್ಕ.

ಕೆಂಟ್ ಪುಸ್ತಕ ಕುಂಡದ ಗಿಡಗಳದ್ದು, ಅಂದ್ರೆ ನಮ್ಮ ಬಾಲ್ಕನಿ ಜನರದ್ದು. ಉಪಶೀರ್ಷಿಕೆಯಲ್ಲೇ ‘ಎತ್ತಿಕೊಂಡು ಹೋಗಬಹುದಾದ ಹೂದೋಟ’ ಅಂತಿದೆ. ಗಿಡ ಸಾಯೋದು ಅಲಕ್ಷ್ಯದಿಂದ ಮಾತ್ರ ಅಲ್ಲ, ಅತಿ ಮುದ್ದಿನಿಂದಲೂ ಅಂತ ಮುನ್ನುಡಿಯಲ್ಲೇ ಒಪ್ಪಿಕೊಳ್ತಾಳೆ. ದಿನಾ ಬೆಳಿಗ್ಗೆ ಒಂದು ಚೊಂಬು ಅಂತ ಲೆಕ್ಕ ಇಟ್ಟು ಹೊಯ್ಯೋರಿಗೆ ಈ ಮಾತು. ಬೆರಳನ್ನ ಎರಡು ಗಣ್ಣಿನವರೆಗೆ ಮಣ್ಣಿಗೆ ಚುಚ್ಚಿ, ಅಲ್ಲಿ ತಂಪು ತಾಕಿದ್ರೆ ಅವತ್ತು ನೀರು ಬೇಡ. ಕುಂಡ ಎತ್ತಿ ನೋಡೋದು ಇನ್ನೂ ಸುಲಭ, ಒಣಗಿದ ಕುಂಡದ ತೂಕ ಕೈಗೆ ಗೊತ್ತಾಗಿಬಿಡುತ್ತೆ.

ತಗಾದೆ ತಿಮ್ಮ
ಕೆಂಟ್ ಪುಸ್ತಕದ ಅರ್ಧ ಕವಿತೆಗಳ ಉದ್ಧರಣೆ ಅನ್ನೋದನ್ನೂ ಹೇಳಿ. ಅದೂ ಉಪಶೀರ್ಷಿಕೆಯಲ್ಲೇ ಇದೆ. ಕವಿ ಲೀ ಹಂಟ್‌ನ ನಾದಿನಿ. ಅಚ್ಚು ಹಾಕಿದ್ದು ಟೇಲರ್ ಅಂಡ್ ಹೆಸ್ಸಿ, ಕವಿಗಳಾದ ಕೀಟ್ಸ್‌ಗೆ, ಜಾನ್ ಕ್ಲೇರ್‌ಗೆ ಪ್ರಕಾಶಕರಾಗಿದ್ದೋರು. ಗೊಬ್ಬರಕ್ಕಿಂತ ಪ್ರಾಸ ಜಾಸ್ತಿ.

ಕುಂಡಲಿನಿ
ಪ್ರಾಸ ಬೇಡಾಂದ್ರೆ ಹಾರಿಸಿ ಓದಿ. ಒಂದೊಂದು ಗಿಡಕ್ಕೂ ಕೊನೇಲಿ ನೀರು, ಬಿಸಿಲು, ಚಳಿಗೆ ಒಳಗಿಡಬೇಕಾ ಅಂತ ಇದೆಯಲ್ಲ. ಒಂದೇ ನಿಯಮ ಎಲ್ಲಾ ಗಿಡಕ್ಕೂ ಸಲ್ಲ ಅಂತ ಗಿಡವಾರು ಬರೆದದ್ದೇ ಆ ಪುಸ್ತಕದ ಕೆಲಸ.

ಬೇರುಮೂಲ
ಕುಂಡದ ಮಾತು ಬಂತು ಅಂತ ಹೇಳ್ತೀನಿ, ಹಳೇ ಪುಸ್ತಕಗಳ ಒಂದು ತಪ್ಪು ಇವತ್ತಿಗೂ ನಡೀತಾ ಇದೆ. ತಳಕ್ಕೆ ಎರಡು ಮೂರು ಇಂಚು ಒಡೆದ ಹೆಂಚು, ಜಲ್ಲಿ ಹಾಕಿ, ನೀರು ಬಸಿಯುತ್ತೆ ಅಂತ. ಬಸಿಯಲ್ಲ! ನುಣುಪು ಮಣ್ಣಿನ ಕೆಳಗೆ ದಪ್ಪ ಜಲ್ಲಿ ಇದ್ರೆ ಮೇಲಿನ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲೇನೇ ನೀರು ಜಲ್ಲಿಗೆ ಇಳಿಯೋದು. ಸಣ್ಣ ರಂಧ್ರಗಳು ನೀರನ್ನ ಹಿಡಿದಿಟ್ಟುಕೊಳ್ತಾವೆ, ದೊಡ್ಡ ರಂಧ್ರಕ್ಕೆ ಬಿಡಲ್ಲ. ಹಂಗಾಗಿ ಒದ್ದೆ ಪದರ ತಳದಲ್ಲಿ ಇರೋ ಬದಲು ಮೂರು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತೆ. 10 ಇಂಚಿನ ಕುಂಡದಲ್ಲಿ ಮೂರು ಇಂಚು ಜಲ್ಲಿಗೆ ಕೊಟ್ರೆ ಗಿಡಕ್ಕೆ ಉಳಿದದ್ದು ಏಳು, ಅದರಲ್ಲೂ ಕೆಳಗಿನದ್ದು ಕೆಸರು.

ರಂಧ್ರದ ಮೇಲೆ ಒಂದೇ ಒಂದು ಹೆಂಚಿನ ಚೂರು, ಉಬ್ಬು ಮೇಲೆ ಮಾಡಿ ಇಡಿ, ಮಣ್ಣು ಸೋರದಿರಲಿ ಅಂತ. ಬಸಿಯಬೇಕಾದ್ರೆ ಮಣ್ಣಿನ ಮಿಶ್ರಣವನ್ನೇ ಸಡಿಲ ಮಾಡಿ: ಕೆಂಪು ಮಣ್ಣು ಎರಡು ಪಾಲು, ಕಳಿತ ಗೊಬ್ಬರ ಒಂದು, ದಪ್ಪ ಮರಳು ಅಥವಾ ತೊಳೆದ ತೆಂಗಿನ ನಾರಿನ ಪುಡಿ ಒಂದು.

ಒಂದ್ಸಾಲು
ಎಲ್ಲಾ ನರ್ಸರಿಯವರೂ ಹಾಕೋದು ಜಲ್ಲೀನೇ.

ಬೇರುಮೂಲ
ನರ್ಸರಿಯಲ್ಲಿ ಗಿಡ ಮೂರು ತಿಂಗಳು ಇರುತ್ತೆ, ನಿಮ್ಮನೇಲಿ ಮೂರು ವರ್ಷ ಇರಬೇಕು.

ಮಣ್ಣುಮಸಿ
ಮೂಲ ಪ್ರಶ್ನೆಗೆ ಬರೋಣ. ಲೌಡನ್ ಮೊದಲನೆಯವಳಲ್ಲ ಅನ್ನೋದು ಸ್ಪಷ್ಟ. ಒಂದು ವರ್ಷ ಮುಂಚೆ, 1839ರಲ್ಲೇ, ಲೂಯಿಸಾ ಜಾನ್ಸನ್ನಳ ‘ಎವ್ರಿ ಲೇಡಿ ಹರ್ ಓನ್ ಫ್ಲವರ್ ಗಾರ್ಡನರ್’ ಬಂದಿತ್ತು. ದುಡಿಯೋರಿಗೆ, ಮಿತವ್ಯಯದವರಿಗೆ ಅಂತ ಅದರ ಮುಖಪುಟವೇ ಹೇಳ್ತಿತ್ತು. ಆದರೂ ಲೌಡನ್‌ಗೆ ಅಷ್ಟು ಹೆಸರು ಯಾಕೆ ಅಂದ್ರೆ, ಮೊದಲ ಅಧ್ಯಾಯ ನೋಡಿ. ಗುಲಾಬಿ ಇಲ್ಲ, ಲಿಲ್ಲಿ ಇಲ್ಲ. ನೆಲ ಅಗೆಯೋದು! ಅದಾದ ಮೇಲೆ ಗೊಬ್ಬರ. ಆಮೇಲೆ ಬಿತ್ತನೆ, ಸಸಿ ಕಿತ್ತು ನೆಡೋದು, ನೀರು, ಕಸಿ, ಕತ್ತರಿಸೋದು.

ಗಂಡಸರು ಬರೆದ ಪುಸ್ತಕಗಳಲ್ಲಿ ‘ನೆಲವನ್ನು ಚೆನ್ನಾಗಿ ಅಗೆದು’ ಅಂತ ಒಂದು ಸಾಲು ಬಂದ್ರೆ ಹೆಚ್ಚು. ಯಾಕಂದ್ರೆ ಬರೆದೋರು ಹದಿಮೂರು ಹದಿನಾಲ್ಕು ವಯಸ್ಸಿಂದ ಯಾರದೋ ತೋಟದಲ್ಲಿ ಕೆಲಸ ಕಲಿತೋರು. ಅಗೆಯೋದನ್ನೂ ಹೇಳಿಕೊಡಬೇಕು ಅಂತ ಅವರಿಗೆ ಹೊಳೆಯೋದೇ ಇಲ್ಲ. ಲೌಡನ್‌ಗೆ ಮದುವೆಯಾಗೋವರೆಗೆ ತೋಟದ ಗಂಧಗಾಳಿ ಇರಲಿಲ್ಲ, ಅದನ್ನ ಮುನ್ನುಡಿಯಲ್ಲೇ ಹೇಳ್ತಾಳೆ. ಕಲಿತವರು ಬರೆದದ್ದು ಕಲಿಯೋರಿಗೆ ಅರ್ಥ ಆಗಲ್ಲ, ಈಗತಾನೇ ಕಲಿತವಳು ಬರೆದ್ರೆ ಆಗುತ್ತೆ ಅನ್ನೋದು ಆಕೆಯ ತರ್ಕ.

ಅಗೆಯೋದು ಮೊದಲ ನೋಟಕ್ಕೆ ನಾಜೂಕು ಕೈಕಾಲಿನವರ ಕೆಲಸ ಅಲ್ಲ ಅನ್ನಿಸುತ್ತೆ, ಆದರೆ ಯಂತ್ರಶಾಸ್ತ್ರದ ನಿಯಮಕ್ಕೆ ಸ್ವಲ್ಪ ಗಮನ ಕೊಟ್ರೆ ಹಗುರಾಗುತ್ತೆ ಅಂತಾಳೆ. ಅದರ ಹಿಂದಿರೋ ಲೆಕ್ಕ ಸನ್ನೆಗೋಲಿನದ್ದು:

ಸ್ಪೇಡಿನ (ನೆಟ್ಟನೆ ಅಲಗಿನ ಸಲಿಕೆಯಂಥದ್ದು) ಅಲಗನ್ನ ನೆಲಕ್ಕಿಟ್ಟು ಪಾದದಿಂದ ಒತ್ತೋದು, ತೋಳಿನ ಬಲದಿಂದಲ್ಲ, ಮೈತೂಕದಿಂದ. ಓರೆಯಾಗಿ ಹಾಕಿದ್ರೆ ಮೇಲುಮೇಲಿನ ಮಣ್ಣು, ನೆಟ್ಟಗೆ ಹಾಕಿದಷ್ಟೂ ಆಳ. ಅಲಗು ಇಳಿದ ಮೇಲೆ ಹಿಡಿಯನ್ನ ಹಿಂದಕ್ಕೆ ಒತ್ತಿ ಮೀಟೋದು. ಗಟ್ಟಿ ನೆಲದ ಅಂಚೇ ಆನಿಕೆ, ಉದ್ದದ ಹಿಡಿ ಸನ್ನೆ, ಹೆಂಟೆ ತಾನಾಗಿ ಕಳಚುತ್ತೆ. ಸುಸ್ತು ಮಾಡೋದು ಇದ್ಯಾವುದೂ ಅಲ್ಲ, ಎತ್ತೋದು. ಅದಕ್ಕೇ ಸಣ್ಣ ಹಗುರ ಸ್ಪೇಡ್ ತಗೊಂಡು, ಒಂದೇ ಸಾಲಿನಲ್ಲಿ ಸ್ವಲ್ಪ ಸ್ವಲ್ಪ ಮಣ್ಣು ತೆಗೀತಾ ಎರಡನೇ ಸಲ ಹೋಗಿ ಆಳ ಮಾಡಿಕೊಳ್ಳಿ, ಹೊತ್ತು ಜಾಸ್ತಿ ಹಿಡಿದರೂ ಸಣ್ಣ ತೋಟದ ಅಗೆತ ಪೂರ್ತಿ ಒಬ್ಬಳೇ ಮುಗಿಸಬಹುದು ಅಂತ. ಮುಂಗೈ ಮುಚ್ಚೋ ದಪ್ಪ ಚರ್ಮದ ಕೈಗವಸು, ಪಾದರಕ್ಷೆ ಮೇಲೆ ಹಾಕ್ಕೊಳ್ಳೋ ಮರದಡಿಯ ಮೆಟ್ಟು, ನುಣುಪಾದ ಹಿಡಿ, ಹೀಗೆ ಸಲಕರಣೆಗೂ ಲೆಕ್ಕ. ತಳ್ಳುಗಾಡಿಯಲ್ಲಿ ಭಾರ ಕೈ ಮೇಲೆ ಬೀಳದೆ ಗಾಲಿ ಮೇಲೆ ಬೀಳಬೇಕು ಅಂತಲೂ ಇದೆ, ಅದೂ ಅದೇ ಸನ್ನೆಯ ಲೆಕ್ಕ.

ಕರಿಮಣ್ಣು
ಭಾಳ ಛಲೋ ಬರದೀರಿ. ಆದ್ರ ಒಂದ್ ಮಾತು. ಸ್ಪೇಡ್ ಅಂದ್ರ ಗುದ್ದಲಿ ಅಂತ ಅನುವಾದ ಮಾಡಿ ಈ ಪಾಠ ಯಾರರೆ ಒಪ್ಪಿಸಿದ್ರ ಓದಿದಾಂವಾ ಸೊಂಟಾ ಮುರ್ಕೋತಾನ. ಗುದ್ದಲಿಗೆ ಅಲಗು ಹಿಡಿಕಿಗಿ ಅಡ್ಡ ಇರ್ತೈತಿ, ಎತ್ತಿ ಬಿಡೂದು, ಅದರ ತೂಕಾನ ಕೆಲಸಾ ಮಾಡ್ತೈತಿ, ಆಮ್ಯಾಲೆ ನಿಮ್ಮ ಕಡೆ ಎಳಕೋಳೂದು. ಕಾಲಿಲೆ ಒತ್ತೂದು ಎಲ್ಲಿಂದ ಬಂತು? ಸ್ಪೇಡಿಗೆ ಹತ್ತಿರದ್ದು ಸಲಿಕಿ, ಅದೂ ನೆಟ್ಟನ ಅಲಗಿಂದು. ಗುದ್ದಲಿಗಿ ಬ್ಯಾರೆ ಲೆಕ್ಕ: ಹಿಡಿಕಿ ಗಿಡ್ಡ ಇದ್ದಷ್ಟೂ ಬೆನ್ನು ಬಾಗತೈತಿ. ಹೆಂಗಸರ ಕೈಗೆ ಅಂತ ಗಿಡ್ಡ ಹಿಡಿಕಿದು ಕೊಡತಾರ ನೋಡ್ರಿ, ಅದು ತಪ್ಪು. ಅಲಗು ಸಣ್ಣದಿರ್ಬೇಕು, ಹಿಡಿಕಿ ಉದ್ದ ಇರ್ಬೇಕು.

ಇನ್ನೊಂದು, ಯರಿ ಭೂಮಿಯೊಳಗ ಆ ಓರೆ-ನೆಟ್ಟನ ಲೆಕ್ಕ ಎಲ್ಲಾ ಆಮ್ಯಾಲೆ, ಮೊದಲ ಹದ ನೋಡ್ರಿ. ಒಂದು ಮುಷ್ಟಿ ಮಣ್ಣು ಉಂಡಿ ಕಟ್ಟಿ ಸೊಂಟದ ಎತ್ತರದಿಂದ ಕೆಡವ್ರಿ. ಪುಡಿಪುಡಿ ಆತಂದ್ರ ಅಗೀರಿ. ಚಪ್ಪಟಿ ಆಗಿ ಹಂಗ ಕುಂತರ ಎರಡ್ ದಿವಸ ತಡೀರಿ. ಹಸಿ ಇದ್ದಾಗ ತಿರುವಿದ್ರ ಹೆಂಟಿ ಬಿಸಿಲಿಗೆ ಇಟ್ಟಂಗಿ ಆಗ್ತಾವ, ಆಮ್ಯಾಲೆ ಮುಂದಿನ ಮಳಿತನಕ ಬಿತ್ತೂದು ಮರೀರಿ.

ಸಸ್ಯಶಾಮಲೆ
ಕರಿಮಣ್ಣು ಹೇಳಿದ್ದು ನೂರಕ್ಕೆ ನೂರು. ಹಿಡಿ ಉದ್ದದ ಮಾತು ಯಾವ ಪುಸ್ತಕದಲ್ಲೂ ಕನ್ನಡದಲ್ಲಿ ಇಷ್ಟು ನೇರವಾಗಿ ಬಂದಿರಲಿಕ್ಕಿಲ್ಲ.

ತಗಾದೆ ತಿಮ್ಮ
ಎಲ್ಲಾ ಸರಿ, ಬಂಗಲೆಯಲ್ಲಿ ಮಾಲಿ ಇಟ್ಟುಕೊಂಡ ಮೇಡಮ್ಮುಗಳಿಗೆ ಅಗೆಯೋ ಪಾಠ ಯಾಕೆ? ಓದಿದ್ದು ಒಬ್ಬರು, ಅಗೆದದ್ದು ಇನ್ನೊಬ್ಬರು ಇರಬೇಕು.

ಮಣ್ಣುಮಸಿ
ದೊಡ್ಡ ಎಸ್ಟೇಟಿನವರಿಗೆ ಬರೆದದ್ದಲ್ಲ ಇದು. 1830ರ ಹೊತ್ತಿಗೆ ಲಂಡನ್ ಸುತ್ತ ಸಣ್ಣ ಹಿತ್ತಲು ಇರೋ ಹೊಸ ಮನೆಗಳು ಎದ್ದಿದ್ವು. ಆಕೆಯ ಗಂಡ ಜಾನ್ ಕ್ಲಾಡಿಯಸ್ ಲೌಡನ್ 1838ರಲ್ಲಿ ಅಂಥ ಉಪನಗರದ ತೋಟಗಳಿಗೇ ಅಂತ ಒಂದು ದಪ್ಪ ಪುಸ್ತಕ ಬರೆದ. ಅವರೂ ಅಂಥದ್ದೇ ಬಡಾವಣೆ, ಬೇಸ್ವಾಟರಿನ ಪೋರ್ಚೆಸ್ಟರ್ ಟೆರೇಸಿನಲ್ಲಿದ್ದರು. ಆ ಮನೆಗಳಿಗೆ ಕೂಲಿಯವ ಬರೋದು ಬೇಕಾದಾಗ ಮಾತ್ರ. ಉಳಿದ ದಿನ ಯಾರು ಮಾಡಬೇಕು?

ಇನ್ನೊಂದು. ಗಂಡನಿಗೆ 1825ರಲ್ಲೇ ಬಲಗೈ ಕತ್ತರಿಸಿತ್ತು, ಎಡಗೈಯೂ ನೆಟ್ಟಗಿರಲಿಲ್ಲ. ಆತ ಹೇಳಿದ್ದನ್ನ ಬರ್ಕೊಳ್ತಿದ್ದದ್ದು ಈಕೆ. ಅಂದ್ರೆ ತೋಟಗಾರಿಕೆಯ ವಿಶ್ವಕೋಶವೇ ಈಕೆಯ ಲೇಖನಿಯಿಂದ ಹಾದುಹೋಗಿದೆ. 1843ರಲ್ಲಿ ಆತ ತೀರಿಕೊಂಡಾಗ ‘ಆರ್ಬೊರೇಟಂ’ ಅನ್ನೋ ಎಂಟು ಸಂಪುಟದ ಮರಗಳ ಪುಸ್ತಕದ ಸಾಲ ತಲೆ ಮೇಲಿತ್ತು. ಮನೆ ನಡೆದದ್ದು ಈಕೆಯ ‘ಲೇಡೀಸ್’ ಪುಸ್ತಕಗಳ ಮೇಲೆ. ಶೋಕಿಗೆ ಬರೆದವಳಲ್ಲ.

ಒಂದ್ಸಾಲು
ಈಕೇನಾ ಆ ಈಜಿಪ್ಟಿನ ಮಮ್ಮಿ ಕಾದಂಬರಿ ಬರೆದದ್ದು?

ಹಳೇಪುಸ್ತಕದಂಗಡಿ
ಹೌದು, ಮದುವೆಗೆ ಮುಂಚೆ, 1827ರಲ್ಲಿ, ಹೆಸರಿಲ್ಲದೆ. 22ನೇ ಶತಮಾನದ ಕಥೆ, ಆವಿಯಂತ್ರದಿಂದ ನೆಲ ಉಳೋದೂ ಬರುತ್ತೆ. ಅದನ್ನ ಓದಿ ಮೆಚ್ಚಿ ತನ್ನ ಪತ್ರಿಕೆಯಲ್ಲಿ ಬರೆದವನೇ ಜಾನ್ ಲೌಡನ್. ಬರೆದವ ಗಂಡಸು ಅಂದ್ಕೊಂಡಿದ್ದ. 1830ರಲ್ಲಿ ಭೇಟಿ, ಅದೇ ವರ್ಷ ಮದುವೆ. ಉಳುವ ಯಂತ್ರ ಕೂಡಿಸಿದ ಸಂಬಂಧ. ಈಗ ದಯವಿಟ್ಟು ತೋಟಕ್ಕೆ ವಾಪಸ್ ಬನ್ನಿ.

ಮಲೆನಾಡ ಮಳೆ
ಗೊಬ್ಬರದ ಅಧ್ಯಾಯದಲ್ಲಿ ಹಾಟ್‌ಬೆಡ್ ಅಂತ ಬರುತ್ತಲ್ಲ, ಅದೇನು ಅಂತ ಯಾರಾದ್ರೂ ಬಿಡಿಸಿ ಹೇಳಿ. ಬಿಸಿ ಹಾಸಿಗೆ ಅಂತ ಅನುವಾದ ಓದಿ ನಗು ಬಂತು.

ಬೇರುಮೂಲ
ಹಸೀ ಕುದುರೆ ಲದ್ದಿಯನ್ನ ಹುಲ್ಲು, ಒಣ ಎಲೆ ಸೇರಿಸಿ ರಾಶಿ ಹಾಕೋದು. ಕೊಳೆಯೋವಾಗ ಬಿಸಿ ಏಳುತ್ತೆ. ಆ ಬಿಸಿ ಮೇಲೆ ಮಣ್ಣಿನ ಪದರ, ಅದರ ಮೇಲೆ ಗಾಜಿನ ಚೌಕಟ್ಟು. ಫೆಬ್ರವರಿ ಚಳಿಯಲ್ಲಿ ಸೌತೆ, ಕರಬೂಜ, ಸೂಕ್ಷ್ಮ ಹೂಗಿಡ ಮೊಳೆಸೋಕೆ ಇಂಗ್ಲೆಂಡಿನವರ ಉಪಾಯ. ರಾಶಿ ಸುಮಾರು ಮೂರು ನಾಲ್ಕು ಅಡಿ ಎತ್ತರ ಇರಬೇಕು, ಚಿಕ್ಕದಾದ್ರೆ ಬಿಸಿ ಹಿಡಿಯಲ್ಲ.

ಕೆಡೋದು ಎಲ್ಲಿ ಅಂದ್ರೆ ಆತುರದಲ್ಲಿ. ರಾಶಿ ಹಾಕಿದ ಮೊದಲ ವಾರ ಉಗ್ರ ಬಿಸಿ, ಜೊತೆಗೆ ಅಮೋನಿಯಾ. ಆಗ ಬಿತ್ತಿದ್ರೆ ಮೊಳಕೆ ಸುಟ್ಟುಹೋಗುತ್ತೆ. ಎರಡು ಮೂರು ಸಲ ಒಳಗಿನದ್ದು ಹೊರಗೆ, ಹೊರಗಿನದ್ದು ಒಳಗೆ ತಿರುವಿ ಹಾಕಬೇಕು. ಒಂದು ಕೋಲನ್ನ ರಾಶಿಗೆ ಚುಚ್ಚಿಟ್ಟಿರೋದು, ಎಳೆದು ತುದಿ ಮುಟ್ಟಿ ನೋಡೋದು. ಕೈಯಲ್ಲಿ ಹಿಡಿಯೋಕೆ ಆಗಲಿಲ್ಲ ಅಂದ್ರೆ ಇನ್ನೂ ಬೇಡ, ಬೆಚ್ಚಗೆ ಹಿತವಾಗಿದ್ರೆ ಸರಿ. ಗಾಜನ್ನ ಒಂದು ಬೆರಳಷ್ಟು ತೆರೆದಿಡಬೇಕು, ಆವಿ ಹೋಗಲಿ ಅಂತ. ಕೆಲವು ವಾರಕ್ಕೆ ಬಿಸಿ ಇಳಿಯುತ್ತೆ, ಆಗ ಸುತ್ತಲೂ ಹೊಸ ಲದ್ದಿ ಒತ್ತೋದು.

ನಮಗೆ ಬಿಸಿ ಬೇಕಾಗಿಲ್ಲ, ಪಾಠ ಬೇಕು. ಹಸಿ ಸಗಣಿ, ಹಸಿ ಕೋಳಿ ಗೊಬ್ಬರ ಬೇರಿಗೆ ಹಾಕಿ ಗಿಡ ಸುಟ್ಟುಕೊಳ್ಳೋದು ಇದೇ ಕಾರಣಕ್ಕೆ. ಕೊಟ್ಟಿಗೆ ಗೊಬ್ಬರ ಕನಿಷ್ಠ ಮೂರು ನಾಲ್ಕು ತಿಂಗಳು ಕಳೀಲಿ. ಮೂಗಿಗೆ ಹಿಡಿದ್ರೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಗಂಜಲದ ಘಾಟು ಅಲ್ಲ.

ಮಲೆನಾಡ ಮಳೆ
ಹಾಗಾದ್ರೆ ಬಿಸಿ ಹಾಸಿಗೆ ಅನ್ನೋ ಅನುವಾದ ಅಷ್ಟೇನೂ ತಪ್ಪಲ್ಲ!

ಕುಂಡಲಿನಿ
ಹುಳದ ವಿಷಯಕ್ಕೆ ಒಂದು ಎಚ್ಚರಿಕೆ. ಆ ಕಾಲದ ಪುಸ್ತಕಗಳಲ್ಲಿ ಗಿಡದ ಹೇನಿಗೆ ಹೊಗೆಸೊಪ್ಪಿನ ನೀರು. ಅದನ್ನ ‘ಅಜ್ಜಿ ಕಾಲದ ಸಾವಯವ ಮದ್ದು’ ಅಂತ ಈಗ ಹಂಚ್ಕೊಳ್ತಾರೆ. ನಿಕೋಟಿನ್ ವಿಷ ಕಣ್ರೀ, ಚರ್ಮದಿಂದಲೇ ಮೈಗೆ ಸೇರುತ್ತೆ. ಅಲ್ಲದೆ ಹೊಗೆಸೊಪ್ಪಿನಲ್ಲಿ ಮೊಸಾಯಿಕ್ ವೈರಸ್ ಇರಬಹುದು. ಟೊಮೇಟೊ, ಮೆಣಸಿನಕಾಯಿ, ಪೆಟೂನಿಯಾ ಎಲ್ಲಾ ಅದೇ ಕುಟುಂಬ, ಮದ್ದಿನ ಜೊತೆ ರೋಗವನ್ನೂ ಸಿಂಪಡಿಸಿದ ಹಾಗೆ.

ಬದಲಿಗೆ ಬೇವಿನೆಣ್ಣೆ: ಒಂದು ಲೀಟರ್ ನೀರಿಗೆ 3ರಿಂದ 5 ಮಿಲಿ, 1 ಮಿಲಿ ದ್ರವ ಸೋಪು. ಮೊದಲು ಎಣ್ಣೆ-ಸೋಪು ಕಲಸಿ ಆಮೇಲೆ ನೀರು, ಉಲ್ಟಾ ಮಾಡಿದ್ರೆ ಎಣ್ಣೆ ಮೇಲೆ ತೇಲುತ್ತೆ, ಎಲೆ ಸುಡುತ್ತೆ. ಸಂಜೆ ಹೊತ್ತು, ಎಲೆಯ ಅಡಿಗೂ ತಾಗೋ ಹಾಗೆ. ಹೇನು ಇರೋದೇ ಅಡಿಯಲ್ಲಿ.

ತಗಾದೆ ತಿಮ್ಮ
ಇದಕ್ಕೆ ತಗಾದೆ ಇಲ್ಲ. ಅಪರೂಪ.

ಹಳೇಪುಸ್ತಕದಂಗಡಿ
ಯಾರೂ ಸಸ್ಯಶಾಸ್ತ್ರದ ಕಡೆ ಹೋಗಲೇ ಇಲ್ಲ. ಜಾಕ್ಸನ್ 1797ರಲ್ಲೇ ‘ಬೊಟಾನಿಕಲ್ ಡೈಲಾಗ್ಸ್’ ಬರೆದಿದ್ದಳು. ಅದಕ್ಕೂ ಒಂದು ವರ್ಷ ಮುಂಚೆ ಪ್ರಿಸಿಲ್ಲಾ ವೇಕ್‌ಫೀಲ್ಡ್‌ಳ ಸಸ್ಯಶಾಸ್ತ್ರ ಪ್ರವೇಶಿಕೆ ಬಂದಿತ್ತು. ಲೌಡನ್ 1842ರಲ್ಲಿ ‘ಬಾಟನಿ ಫಾರ್ ಲೇಡೀಸ್’ ಬರೆದಳು, 1851ರಲ್ಲಿ ಅದೇ ಪುಸ್ತಕ ‘ಮಾಡರ್ನ್ ಬಾಟನಿ’ ಆಯ್ತು. ‘ಲೇಡೀಸ್’ ಅನ್ನೋ ಪದ ಹಾರಿಹೋಯ್ತು.

ಸಸ್ಯಶಾಮಲೆ
ಅಲ್ಲೊಂದು ತಮಾಷೆ ಇದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಪದ್ಧತಿಯಲ್ಲಿ ಹೂವಿನ ಕೇಸರ, ಶಲಾಕೆ ಎಣಿಸಿ ಗಿಡದ ವರ್ಗ ಹೇಳೋದು. ಅವನ್ನ ಗಂಡ-ಹೆಂಡತಿ ಅಂತ ಕರೆದದ್ದರಿಂದ ಹೆಣ್ಣುಮಕ್ಕಳು ಸಸ್ಯಶಾಸ್ತ್ರ ಕಲಿಯೋದೇ ಲಜ್ಜೆಗೇಡು ಅಂತ ಕೂಗಿದವರಿದ್ದರು. 1798ರಲ್ಲಿ ರಿಚರ್ಡ್ ಪೋಲ್ವೀಲ್ ಅನ್ನೋ ಪಾದ್ರಿ ಇದರ ಮೇಲೆ ಪದ್ಯವೇ ಬರೆದ. ಲೌಡನ್ ಹಿಡಿದದ್ದು ಎಣಿಕೆಯ ದಾರಿ ಅಲ್ಲ, ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್‌ನ ಸಹಜ ಪದ್ಧತಿ, ಅಂದ್ರೆ ಒಟ್ಟು ಹೋಲಿಕೆ ನೋಡಿ ಕುಟುಂಬ ಗುರುತಿಸೋದು. ತೋಟದವರಿಗೆ ಇದೇ ಲಾಭ. ಬದನೆ, ಟೊಮೇಟೊ, ಪೆಟೂನಿಯಾ ಒಂದೇ ಮನೆತನ ಅಂತ ಗೊತ್ತಿದ್ರೆ ಅದೇ ಪಾತಿಯಲ್ಲಿ ಒಂದಾದ ಮೇಲೆ ಒಂದು ಹಾಕಿ ಸೊರಗು ರೋಗ ಕರೆಸ್ಕೊಳ್ಳಲ್ಲ. ಕುಂಡಲಿನಿ ಈಗ ಹೇಳಿದ ವೈರಸ್ ವಿಷಯವೂ ಅದೇ.

ಒಂದ್ಸಾಲು
ಈ ಹೆಂಗಸರಲ್ಲಿ ಯಾರಾದ್ರೂ ಕೂಲಿಗೆ ತೋಟದ ಕೆಲಸ ಮಾಡಿದ್ರಾ?

ಮಣ್ಣುಮಸಿ
ಅದು ಮುಂದಿನ ತಲೆಮಾರು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸ್ವಾನ್ಲಿ ತೋಟಗಾರಿಕೆ ಕಾಲೇಜು 1889ರಲ್ಲಿ ಗಂಡಸರಿಗೆ ಅಂತ ಶುರುವಾಯ್ತು, 1891ರಲ್ಲಿ ಹೆಂಗಸರು ಸೇರಿದರು, ಮುಂದೆ ಹೆಂಗಸರದ್ದೇ ಆಯ್ತು. 1896ರಲ್ಲಿ ಅಲ್ಲಿಂದ ಲಂಡನ್ನಿನ ಕ್ಯೂ ಸಸ್ಯತೋಟಕ್ಕೆ ಹೆಂಗಸರನ್ನ ತಗೊಂಡರು. ಗಂಡಸರ ಹಾಗೇ ಮಂಡಿಯ ಚಲ್ಲಣ ಹಾಕ್ಕೊಂಡು ಕೆಲಸ ಮಾಡಬೇಕಿತ್ತು, ಪತ್ರಿಕೆಗಳಿಗೆ ಅದೇ ಹಾಸ್ಯ. 1908ರಲ್ಲಿ ಫ್ರಾನ್ಸೆಸ್ ವುಲ್ಸ್‌ಲಿ ‘ಗಾರ್ಡನಿಂಗ್ ಫಾರ್ ವಿಮೆನ್’ ಬರೆಯೋ ಹೊತ್ತಿಗೆ ಮಾತೇ ಬದಲಾಗಿತ್ತು. ‘ಲೇಡೀಸ್’ ಹೋಗಿ ‘ವಿಮೆನ್’, ಹವ್ಯಾಸ ಹೋಗಿ ಸಂಬಳ.

ಮಲೆನಾಡ ಮಳೆ
ನಮ್ಮ ಲಾಲ್‌ಬಾಗಿನ ಕ್ರುಂಬಿಗಲ್ ಕೂಡ ಕ್ಯೂನಿಂದ ಬಂದವರು, ಇವರ ಜೊತೆ ಕೆಲಸ ಮಾಡಿರಬೇಕು!

ಹಳೇಪುಸ್ತಕದಂಗಡಿ
ಇಲ್ಲ. ಅವರು 1893ರಲ್ಲೇ ಬರೋಡಾಕ್ಕೆ ಬಂದಿದ್ದರು, ಕ್ಯೂಗೆ ಹೆಂಗಸರು ಸೇರಿದ್ದು ಅದಾಗಿ ಮೂರು ವರ್ಷಕ್ಕೆ. ಮೈಸೂರು ಸಂಸ್ಥಾನಕ್ಕೆ ಬಂದದ್ದು 1908. ಎಳೆದು ಗಂಟು ಹಾಕಬೇಡಿ.

ಕರಿಮಣ್ಣು
ಹಿಂದೂಸ್ತಾನದಾಗ ಕುಂತು ಬರದ ಹೆಂಗಸರು ಯಾರೂ ಇಲ್ಲೇನ್ರಿ?

ಹಳೇಪುಸ್ತಕದಂಗಡಿ
ಇದಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮಿಸೆಸ್ ಟೆಂಪಲ್-ರೈಟ್ ಬರೆದ ‘ಫ್ಲವರ್ಸ್ ಅಂಡ್ ಗಾರ್ಡನ್ಸ್ ಇನ್ ಇಂಡಿಯಾ’, ಹೊಸಬರಿಗೆ ಕೈಪಿಡಿ, ಕಲ್ಕತ್ತೆಯ ಥ್ಯಾಕರ್ ಸ್ಪಿಂಕ್ ಪ್ರಕಟಣೆ. ಅದಕ್ಕೆ ಮುಂಚೆ 1860ರ ದಶಕದ ಫರ್ಮಿಂಜರ್ ಪಾದ್ರಿಯ ಕೈಪಿಡಿಯೇ ಎಲ್ಲರ ಕೈಯಲ್ಲಿ, ಅದೂ ಬಂಗಾಳ ಮತ್ತು ಉತ್ತರ ಬಯಲಿಗೆ ಬರೆದದ್ದು. ಹಾಗಾಗಿ ಇವೆರಡನ್ನೂ ಮೈಸೂರು ಸೀಮೆಗೆ ಹಾಗೇ ಇಳಿಸೋಕಾಗಲ್ಲ.

ಸಸ್ಯಶಾಮಲೆ
ಇಳಿಸೋದು ಹೇಗೆ ಅನ್ನೋದೇ ಬೇಕಾದ ಮಾತು. ಇಂಗ್ಲಿಷ್ ಪುಸ್ತಕದಲ್ಲಿ ಏಪ್ರಿಲ್‌ನಲ್ಲಿ ಬಿತ್ತಿ ಅಂತ ಇರೋ ವಾರ್ಷಿಕ ಹೂಗಳು, ಫ್ಲಾಕ್ಸ್, ಪೆಟೂನಿಯಾ, ಲಾರ್ಕ್‌ಸ್ಪರ್, ಪ್ಯಾನ್ಸಿ, ಬೆಂಗಳೂರಿನಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜೋರು ಮಳೆ ತಗ್ಗಿರಬೇಕು. ಡಿಸೆಂಬರಿನಿಂದ ಫೆಬ್ರವರಿ ಹೂ. ಏಪ್ರಿಲ್‌ನಲ್ಲಿ ಬಿತ್ತಿದ್ರೆ ಬಿಸಿಲಿಗೆ ಉದ್ದುದ್ದ ಬೆಳೆದು ಒಣಗುತ್ತೆ, ಉಳಿದದ್ದು ಜೂನ್ ಮಳೆಗೆ ಕೊಳೆಯುತ್ತೆ.

ಬಿತ್ತನೆ ಆಳ ಎಲ್ಲಾ ಕಡೆ ಒಂದೇ: ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು. ಪೆಟೂನಿಯಾ ಬೀಜ ಒಂದು ಗ್ರಾಂಗೆ ಸುಮಾರು 10,000 ಬರುತ್ತೆ, ಅದಕ್ಕೆ ಮಣ್ಣು ಮುಚ್ಚಲೇಬೇಡಿ. ಒಣ ಮರಳಿನ ಜೊತೆ ಬೆರೆಸಿ ಉದುರಿಸಿ, ಹಲಗೆಯಿಂದ ಮೆಲ್ಲಗೆ ಒತ್ತಿ. ಮೇಲಿಂದ ನೀರು ಹೊಯ್ದರೆ ಬೀಜವೆಲ್ಲ ಒಂದು ಮೂಲೆಗೆ. ಟ್ರೇಯನ್ನ ನೀರಿನ ತಟ್ಟೆಯಲ್ಲಿಟ್ಟು ಕೆಳಗಿಂದ ಹೀರಿಸಿ, ಮೇಲ್ಮೈ ಕಪ್ಪಾದ ತಕ್ಷಣ ಎತ್ತಿ. ಮೊಳೆತ ಮೇಲೂ ಒದ್ದೆ ಇಟ್ಟರೆ ಬುಡದಲ್ಲಿ ಕುತ್ತಿಗೆ ಕೊಳೆತು ಸಸಿ ಮಕಾಡೆ ಬೀಳುತ್ತೆ. ಒತ್ತೊತ್ತಾಗಿ ಬಿತ್ತಿದವರಿಗೆ ಇದು ಖಾತ್ರಿ.

ಕುಂಡಲಿನಿ
ಗಡ್ಡೆಗಳ ಅಧ್ಯಾಯ ಮಾತ್ರ ಮಡಚಿಡಿ. ಟುಲಿಪ್, ಹಯಸಿಂತ್, ಕ್ರೋಕಸ್ಸಿಗೆ ಮೂರು ತಿಂಗಳಿಗೂ ಮೇಲೆ ಒಳ್ಳೇ ಚಳಿ ಬೇಕು, ಸುಮಾರು 9 ಡಿಗ್ರಿ ಒಳಗೆ. ಅದಿಲ್ಲದಿದ್ರೆ ಎಲೆ ಬಂದು ಹೂ ಗಡ್ಡೆಯೊಳಗೇ ಸಾಯುತ್ತೆ. ಆನ್‌ಲೈನ್‌ನಲ್ಲಿ ಟುಲಿಪ್ ಗಡ್ಡೆ ಕೊಳ್ಳೋರು ಇದನ್ನ ಓದಿ ಕೊಳ್ಳಿ. ನಮಗೆ ಸುಗಂಧರಾಜ, ಗ್ಲಾಡಿಯೋಲಸ್, ಮಳೆ ಲಿಲ್ಲಿ, ಹಿಪ್ಪಿಯಾಸ್ಟ್ರಮ್ ಸಾಕು.

ಮಲೆನಾಡ ಮಳೆ
ಫುಟ್‌ಬಾಲ್ ಲಿಲ್ಲಿ ಬಿಟ್ರಲ್ಲ! ಮೊದಲ ಮಳೆಗೆ ಕೆಂಪು ಚೆಂಡು. ಏನೂ ಮಾಡೋದು ಬೇಡ, ಚಳಿಗಾಲದಲ್ಲಿ ನೀರು ನಿಲ್ಲಿಸಿ ಮಲಗಿಸಿದ್ರೆ ಆಯ್ತು.

ತಗಾದೆ ತಿಮ್ಮ
ಏನೂ ಮಾಡೋದು ಬೇಡ ಅನ್ನೋ ಗಿಡಕ್ಕೆ ಪುಸ್ತಕ ಯಾಕೆ ಬೇಕು? ಅದಿರಲಿ, ಕಸಿ ಅಧ್ಯಾಯ? ಗುಲಾಬಿಗೆ ಕಣ್ಣು ಕಸಿ ಜುಲೈನಲ್ಲಿ ಅಂತಾರೆ ಇಂಗ್ಲೆಂಡಿನವರು. ನಮ್ಮ ಜುಲೈ ಅಂದ್ರೆ ಮಳೆ.

ಬೇರುಮೂಲ
ತಿಂಗಳು ನೋಡಬೇಡಿ, ತೊಗಟೆ ನೋಡಿ. ಚಾಕುವಿನ ತುದಿ ಹಾಕಿ ಮೀಟಿದಾಗ ತೊಗಟೆ ಕಟ್ಟಿಗೆಯಿಂದ ತೇವವಾಗಿ ಸಲೀಸಾಗಿ ಬಿಟ್ಟುಕೊಂಡ್ರೆ ಅದೇ ಕಾಲ. ಇಂಗ್ಲೆಂಡಿನ ಜುಲೈಗೆ ಅರ್ಥ ಅಷ್ಟೇ. ನಮ್ಮಲ್ಲಿ ಮಳೆ ನಿಂತು ಹೊಸ ಚಿಗುರು ಓಡೋ ಹೊತ್ತು, ಅಕ್ಟೋಬರ್ ಕೊನೆಯಿಂದ ಫೆಬ್ರವರಿ.

ಬೇರುಗಿಡ, ಅಂದ್ರೆ ಕಣ್ಣು ಕೂರಿಸೋ ಗಿಡ, ಎಡ್ವರ್ಡ್ ಗುಲಾಬಿ, ಪೆನ್ಸಿಲ್ ದಪ್ಪದ ಕಾಂಡ. ನೆಲದಿಂದ ಎರಡು ಮೂರು ಇಂಚು ಮೇಲೆ ‘ಟಿ’ ಆಕಾರದ ಗೀರು, ಉದ್ದ ಒಂದು ಇಂಚು, ಆಳ ತೊಗಟೆಯಷ್ಟೇ. ಹೂ ಬಾಡಿದ ಕೊಂಬೆಯಿಂದ ಉಬ್ಬಿದ ಕಣ್ಣನ್ನ ಗುರಾಣಿ ಆಕಾರದಲ್ಲಿ ತೊಗಟೆ ಸಮೇತ ಎತ್ತಿ, ಎಲೆ ತೆಗೆದು ತೊಟ್ಟು ಉಳಿಸಿ. ಆ ತೊಟ್ಟನ್ನೇ ಹಿಡಿದು ಗೀರಿನೊಳಗೆ ಮೇಲಿಂದ ಕೆಳಕ್ಕೆ ಜಾರಿಸಿ. ಹಿಂದಿನ ಕಾಲದಲ್ಲಿ ನಾರು, ಈಗ ಪಾಲಿಥೀನ್ ಪಟ್ಟಿ, ಕಣ್ಣು ಮಾತ್ರ ಬಿಟ್ಟು ಬಿಗಿಯಾಗಿ ಸುತ್ತಿ. ಕಣ್ಣು ತಲೆಕೆಳಗಾಗಬಾರದು, ಕತ್ತರಿಸಿದ ಮೈಗೆ ಬೆರಳು ತಾಗಬಾರದು, ಎತ್ತಿದ ಕಣ್ಣು ಒಂದು ನಿಮಿಷವೂ ಗಾಳಿಗೆ ಒಣಗಬಾರದು.

ಎರಡು ಮೂರು ವಾರಕ್ಕೆ ತೊಟ್ಟನ್ನ ಬೆರಳಿಂದ ಮುಟ್ಟಿ. ಹಳದಿಯಾಗಿ ತಟಕ್ಕನೆ ಉದುರಿದ್ರೆ ಕಸಿ ಹಿಡಿದಿದೆ. ಒಣಗಿ ಅಲ್ಲೇ ಅಂಟಿಕೊಂಡಿದ್ರೆ ಸತ್ತಿದೆ, ಕಾಂಡದ ಇನ್ನೊಂದು ಮಗ್ಗುಲಿಗೆ ಮತ್ತೆ ಮಾಡಿ.

ಒಂದ್ಸಾಲು
ಉದುರಿದ್ರೆ ಬದುಕಿದೆ, ಅಂಟಿಕೊಂಡ್ರೆ ಸತ್ತಿದೆ. ಉಲ್ಟಾ ಬರೆದಿಲ್ಲ ತಾನೇ?

ಬೇರುಮೂಲ
ಉಲ್ಟಾ ಅಲ್ಲ. ಜೀವ ಇರೋ ಕಣ್ಣು ತೊಟ್ಟನ್ನ ತಾನೇ ಕಳಚುತ್ತೆ, ಸತ್ತದ್ದಕ್ಕೆ ಕಳಚೋ ಶಕ್ತಿ ಎಲ್ಲಿಂದ ಬರಬೇಕು?

ಹಳೇಪುಸ್ತಕದಂಗಡಿ
ಜಾಕ್ಸನ್‌ಳ ಬಣ್ಣದ ಪಟ್ಟಿಯನ್ನ ಬೆಂಗಳೂರಿನ ತಿಂಗಳಿಗೆ ಬದಲಾಯಿಸಿ ಯಾರಾದ್ರೂ ಹಾಕ್ತೀರಾ? ನವೆಂಬರಿನಿಂದ ಶುರು ಮಾಡಿ.

ಸಸ್ಯಶಾಮಲೆ
ನವೆಂಬರ್: ಹಳದಿ, ಕಿತ್ತಳೆಗೆ ಚೆಂಡುಹೂ, ಆಗಸ್ಟ್‌ನಲ್ಲಿ ಬಿತ್ತಿರಬೇಕು. ಬಿಳಿ, ಹಳದಿ, ನೇರಳೆಗೆ ಸೇವಂತಿಗೆ. ಕೆಂಪಿಗೆ ಸಾಲ್ವಿಯಾ. ನೀಲಿಗೇ ಕಷ್ಟ, ಲಾರ್ಕ್‌ಸ್ಪರ್ ಜನವರಿವರೆಗೆ ಬರಲ್ಲ.

ಕರಿಮಣ್ಣು
ನೀಲಿಗೆ ಶಂಖಪುಷ್ಪ ಹಚ್ರಿ. ಬೀಜಾ ರಾತ್ರಿಯಿಡೀ ನೀರಾಗ ನೆನಿಸಿ, ಬೇಲಿಗುಂಟ ಅರ್ಧ ಇಂಚು ಆಳಕ್ಕ ಊರ್ರಿ.